ಬಾವಿಯಿಂದ ಟಾಂಕಿಗೆ: ಮುರಕಲ್ಲಿನ ನೆಲದಡಿ ಯಾವ ಪೈಪ್ ಹಾಕುವುದು?

ಅಡಕೆಯಷ್ಟು ದೊಡ್ಡ ಒಂದು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಚೂರನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ನಮ್ಮ ಬಾವಿಯಿಂದ ಮನೆಗೆ ಬರುವ ನೀರಿನ ಲೈನು ಒಡೆದದ್ದು ಅದರಿಂದ. ಏಪ್ರಿಲ್ ಕೊನೆಯ ವಾರ ಅದು. ಪಂಪು ಓಡುತ್ತಿದೆ, ಟಾಂಕಿ ಮಾತ್ರ ತುಂಬುತ್ತಿಲ್ಲ. ಅಂಗಳದ ಹುಲ್ಲೆಲ್ಲ ಒಣಗಿ ಹೋಗಿದ್ದರೂ ಗೇಟಿನ ಹತ್ತಿರ ಒಂದು ಮೊಳ ಜಾಗದಲ್ಲಿ ಎಳೆ ಹಸುರು ಎದ್ದಿತ್ತು. ಅಲ್ಲೇ ಅಗೆದೆವು. ಒಂದಡಿ ಕೆಳಗೆ ಪಿವಿಸಿ ಪೈಪಿನ ಹೊಟ್ಟೆಗೆ ಈ ಚೂರು ಒತ್ತಿಕೊಂಡು ಕೂತಿತ್ತು. ಅದರ ಮೊನೆ ತಾಗಿದ ಜಾಗದಿಂದ ಎರಡೂ ಕಡೆಗೆ ಕೂದಲೆಳೆಯಂಥ ಬಿರುಕು, ಒಂದು ಗೇಣು ಉದ್ದ. ಬೆರಳಿನಿಂದ ಸವರಿದರೆ ಗೊತ್ತೇ ಆಗುತ್ತಿರಲಿಲ್ಲ, ಪಂಪು ಹಾಕಿದ ಕೂಡಲೇ ಬಾಯಿ ಬಿಡುತ್ತಿತ್ತು. ಅದಕ್ಕೆ ಮೊದಲಿನ ತಿಂಗಳು ಪಾಗಾರದ ಕೆಲಸಕ್ಕೆಂದು ಕಲ್ಲು ತುಂಬಿದ ಟೆಂಪೊ ಆ ಜಾಗದ ಮೇಲೆಯೇ ಹೋಗಿ ಬಂದಿತ್ತು.

"ಪೈಪಿನದ್ದು ತಪ್ಪಿಲ್ಲ ಅಣ್ಣ. ಅಡಿಗೆ ಹೊಯಿಗೆ (ಮರಳು) ಹಾಕಿರ್ಲಿಲ್ಲ ಅಷ್ಟೆ" ಎಂದರು ಪ್ಲಂಬರ್.

ಈಗ ನನ್ನ ಭಾವ ಉಡುಪಿ ಕಡೆಯ ಹಿರಿಯಡ್ಕದ ಹತ್ತಿರ ಮನೆ ಕಟ್ಟಿಸುತ್ತಿದ್ದಾರೆ. ಬಾವಿ ಕೆಳಗೆ ಬೈಲಿನ ಅಂಚಿನಲ್ಲಿ, ಮನೆ ಮೇಲೆ ಗುಡ್ಡೆಯಲ್ಲಿ, ನಡುವೆ ಇನ್ನೂರು ಅಡಿಗೆ ಕಡಿಮೆಯಿಲ್ಲದ ದೂರ. "ಜಿಐ ಹಾಕುವುದಾ, ಪಿವಿಸಿ ಸಾಕಾ, ಈ ಕಪ್ಪು ರೋಲ್ ಪೈಪ್ ಹೇಗೆ?" ಎಂದು ಅವರು ಕೇಳಿದ್ದಕ್ಕೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಅದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ, ನಮ್ಮ ಕಡೆ ಮನೆ ಕಟ್ಟುವ ಹೆಚ್ಚಿನವರಿಗೆ ಇದೇ ಪ್ರಶ್ನೆ ಬರುತ್ತದೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ, ನೇರ, ನೆಲದಡಿಯ ಲೈನಿಗೆ ಆ ಕಪ್ಪು ರೋಲ್ ಪೈಪ್, ಅಂದರೆ ಎಚ್‌ಡಿಪಿಇ. ಮನೆಯ ಸುತ್ತಿನ, ತಿರುವು ಹೆಚ್ಚಿರುವ ಚಿಕ್ಕ ಲೈನಿಗೆ ಪಿವಿಸಿ. ಜಿಐ, ಅಂದರೆ ಸತುವಿನ ಲೇಪದ ಕಬ್ಬಿಣದ ಪೈಪ್, ಬೇಕಾದದ್ದು ನೆಲದ ಮೇಲೆ, ಪಂಪಿನ ಬಾಯಿಯ ಹತ್ತಿರ ಮಾತ್ರ. ಆದರೆ ಈ ಮೂರರಲ್ಲಿ ಯಾವುದನ್ನು ತಂದರೂ ಪೈಪ್ ಹೂಳುವ ಕಣಿ ಸರಿಯಾಗಿ ತೆಗೆಯದಿದ್ದರೆ ಹಣ ಮಣ್ಣುಪಾಲು. ಹಾಗಾಗಿ ಪೈಪಿನಷ್ಟೇ ಕಣಿಯ ಬಗ್ಗೆಯೂ ಬರೆಯುತ್ತೇನೆ.

ನಮ್ಮ ನೆಲದಲ್ಲಿ ಪೈಪಿಗೆ ಏನು ಭಯ?

ಚಳಿ ದೇಶಗಳಲ್ಲಿ ಪೈಪನ್ನು ಎಷ್ಟು ಆಳಕ್ಕೆ ಹೂಳಬೇಕು ಎಂಬುದನ್ನು ಹಿಮವೇ ನಿಶ್ಚಯಿಸುತ್ತದೆ. ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ. ಪೈಪಿನೊಳಗೆ ಒಂದು ಕಡೆ ಮಂಜುಗಡ್ಡೆ ಬಿರಡೆಯ ಹಾಗೆ ಕೂತರೆ ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ ಪೈಪ್ ಸೀಳುತ್ತದೆ. ಅದಕ್ಕೆಂದೇ ಅಮೆರಿಕದ ಮಿನ್ನೆಸೋಟದಂಥ ಕಡೆ ಬೀದಿಯ ನೀರಿನ ಲೈನು ಏಳೆಂಟು ಅಡಿ ಆಳದಲ್ಲಿರುತ್ತದೆ. ಅಷ್ಟು ಅಗೆಯಲಾಗದ ಕಡೆ ಪೈಪಿಗೆ ದಪ್ಪ ಹೊದಿಕೆ ಸುತ್ತುತ್ತಾರೆ, ಕರೆಂಟಿನಿಂದ ಬಿಸಿಯಾಗುವ ತಂತಿ ಓಡಿಸುತ್ತಾರೆ, ರಾತ್ರಿಯಿಡೀ ನಲ್ಲಿಯನ್ನು ಸಣ್ಣಗೆ ಬಿಟ್ಟಿರುತ್ತಾರೆ.

ಉಡುಪಿ, ಮಂಗಳೂರಿನಲ್ಲಿ ಡಿಸೆಂಬರ್ ಬೆಳಗಿನ ಚಳಿ ಎಂದರೂ 20 ಡಿಗ್ರಿಯ ಆಸುಪಾಸು. ಇಲ್ಲಿ ಪೈಪಿಗೆ ಇರುವ ಭಯ ಬೇರೆ. ಮೊದಲನೆಯದು ಬಿಸಿಲು: ನೆಲದ ಮೇಲೆ ಬಿದ್ದ ಲೈನಿನಿಂದ ಮಾರ್ಚ್ ಮಧ್ಯಾಹ್ನ ಬರುವ ನೀರಿಗೆ ಕೈ ಒಡ್ಡಲಾಗುವುದಿಲ್ಲ. ಎರಡನೆಯದು ಮುರಕಲ್ಲು, ಅದರಲ್ಲೂ ಒಡೆದಾಗ ಏಳುವ ಚೂಪು ಚೂರುಗಳು. ಮೂರನೆಯದು ವರ್ಷಕ್ಕೆ 4000 ಮಿ.ಮೀ. ಹತ್ತಿರ ಸುರಿಯುವ ಮಳೆ, ಇಳಿಜಾರಿನ ಕಣಿಯನ್ನು ಅದು ತೋಡನ್ನಾಗಿ ಮಾಡುತ್ತದೆ. ನಾಲ್ಕನೆಯದು ಹುಳಿ ನೀರು. ನಮ್ಮ ಮುರಕಲ್ಲಿನ ಬಾವಿಗಳ ನೀರು ನೋಡಲು ಕನ್ನಡಿಯಂತಿದ್ದರೂ ಅನೇಕ ಕಡೆ ಆಮ್ಲೀಯವಾಗಿರುತ್ತದೆ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗಿರಬೇಕು ಎಂಬುದು ಭಾರತೀಯ ಮಾನಕ. ನಮ್ಮ ಎಷ್ಟೋ ಬಾವಿಗಳು ಅದಕ್ಕಿಂತ ಕೆಳಗಿವೆ. ಕಬ್ಬಿಣದ ಪೈಪಿಗೆ ಇದು ಒಳಗಿನಿಂದ ತಿನ್ನುವ ಗೆದ್ದಲಿದ್ದ ಹಾಗೆ.

ಜಿಐ: ಗಟ್ಟಿ ನಿಜ, ಆದರೆ ಮಣ್ಣಿನಡಿಗೆ ಬೇಡ

ಹಿರಿಯರಿಗೆ ಇಂದಿಗೂ ಜಿಐ ಮೇಲೆಯೇ ನಂಬಿಕೆ. ಅದು ಸುಮ್ಮನೆ ಬಂದದ್ದಲ್ಲ. ಲಾರಿ ಹತ್ತಿದರೂ ಸೀಳುವುದಿಲ್ಲ, ಪಿಕ್ಕಾಸಿನ ಏಟು ತಾಗಿದರೂ ತಡೆಯುತ್ತದೆ, ಕಾಡುಹಂದಿ ಕೆದಕಿದರೂ ಏನೂ ಆಗುವುದಿಲ್ಲ. ಅಂಗಡಿಯಲ್ಲಿ ಅದರ ಮೈಮೇಲಿನ ಬಣ್ಣದ ಪಟ್ಟಿ ನೋಡಿ: ಹಳದಿ ಎಂದರೆ ಹಗುರ, ನೀಲಿ ಮಧ್ಯಮ, ಕೆಂಪು ಭಾರಿ. ನೀರಿಗೆ ಹಾಕುವುದಾದರೆ ನೀಲಿಗಿಂತ ಕೆಳಗೆ ಇಳಿಯಬೇಡಿ.

ಅದರ ಬಾಳಿಕೆ ನಿಂತಿರುವುದು ಮೇಲಿನ ಸತುವಿನ ಲೇಪದ ಮೇಲೆ. ಹುಳಿ ನೀರು ಒಳಗಿನಿಂದ, ಮಳೆಗಾಲದ ಒದ್ದೆ ಮಣ್ಣು ಹೊರಗಿನಿಂದ ಆ ಲೇಪವನ್ನು ತೆಗೆಯುತ್ತ ಬರುತ್ತವೆ. ಮೊದಲು ಹೋಗುವುದು ಜೋಡಣೆಯ ಜಾಗ, ಏಕೆಂದರೆ ತ್ರೆಡ್ ಕೊಯ್ಯುವಾಗಲೇ ಅಲ್ಲಿನ ಲೇಪ ಹೋಗಿರುತ್ತದೆ, ದಪ್ಪವೂ ಕಡಿಮೆಯಾಗಿರುತ್ತದೆ. ನಮ್ಮ ಹಳೆಯ ಮನೆಯ ಲೈನು ಜಿಐ ಆಗಿತ್ತು. ಬೆಳಿಗ್ಗೆ ಮೊದಲ ಬಾಲ್ದಿ ನೀರು ಚಹಾದ ಬಣ್ಣಕ್ಕೆ ಬರುತ್ತಿತ್ತು, ಅಮ್ಮ ಅದನ್ನು ಬಾಳೆಯ ಬುಡಕ್ಕೆ ಹೊಯ್ಯುತ್ತಿದ್ದರು. ಬಿಳಿ ಪಂಚೆಗಳೆಲ್ಲ ಹಳದಿ. ಕೊನೆಗೆ ಲೈನು ಕಿತ್ತಾಗ ಒಂದಿಂಚಿನ ಪೈಪಿನೊಳಗೆ ತುಕ್ಕು ಗಂಟು ಗಂಟಾಗಿ ಬೆಳೆದು ಪೆನ್ಸಿಲ್ ತೂರುವಷ್ಟು ದಾರಿ ಮಾತ್ರ ಉಳಿದಿತ್ತು. ಪಂಪು ಮುದಿಯಾಗಿದೆ ಎಂದು ಅಲ್ಲಿಯವರೆಗೆ ಎರಡು ಬಾರಿ ಬಿಚ್ಚಿಸಿದ್ದೆವು.

ಮಲ್ಪೆ, ಉಳ್ಳಾಲದಂಥ ಕಡಲ ಬದಿಯಲ್ಲಿ ಉಪ್ಪಿನಂಶವೂ ಸೇರಿ ಇದು ಇನ್ನೂ ಬೇಗ ಆಗುತ್ತದೆ. ದರದಲ್ಲಿಯೂ ಜಿಐ ಪಿವಿಸಿಗಿಂತ ಬಹಳ ಮೇಲೆ. ಪಂಪಿನಿಂದ ಹೊರಡುವ ಮೊದಲ ಒಂದೆರಡು ಅಡಿಗೆ, ಅದುರುವಿಕೆ ಇರುವಲ್ಲಿ, ಕೈಗೆ ಸಿಗುವ ಹಾಗೆ ಇರುವಲ್ಲಿ ಅದನ್ನು ಬಳಸಿ. ಕಣ್ಣಿಗೆ ಕಾಣದ ಕಡೆಗೆ ಅದು ಬೇಡ.

ಪಿವಿಸಿ: ಅಗ್ಗ, ಒಳ್ಳೆಯದು, ಆದರೆ ಹಾಸಿಗೆ ಕೇಳುತ್ತದೆ

ನಮ್ಮೂರಿನ ಅಂಗಳಗಳಡಿ ಇರುವುದು ಹೆಚ್ಚಾಗಿ ಇದೇ. ತುಕ್ಕಿಲ್ಲ, ಹುಳಿ ನೀರಿಗೆ ಜಗ್ಗುವುದಿಲ್ಲ, ಯಾವ ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಎಲ್ಬೋ, ಟೀ, ಕಪ್ಲರ್ ಸಿಗುತ್ತದೆ, ಯಾವ ಪ್ಲಂಬರಿಗೂ ಕೆಲಸ ಗೊತ್ತು. ಭಾನುವಾರ ಸಂಜೆ ಒಡೆದರೂ ಸೋಮವಾರ ಬೆಳಿಗ್ಗೆ ಸರಿಯಾಗುತ್ತದೆ, ಅದು ಸಣ್ಣ ಅನುಕೂಲವಲ್ಲ.

ಅಂಗಡಿಯವರು "ನಾಲ್ಕು ಕೆ.ಜಿ.ಯಾ, ಆರು ಕೆ.ಜಿ.ಯಾ?" ಎಂದು ಕೇಳುತ್ತಾರೆ. ಅದು ಪೈಪಿನ ತೂಕವಲ್ಲ, ಒಂದು ಚದರ ಸೆಂಟಿಮೀಟರಿಗೆ ಅದು ತಾಳುವ ಒತ್ತಡ. 10 ಮೀಟರ್ ಎತ್ತರಕ್ಕೆ ನೀರು ಏರಿಸಲು ಸುಮಾರು ಒಂದು ಕೆ.ಜಿ. ಒತ್ತಡ ಬೇಕು. ಬಾವಿಯ ನೀರಿನ ಮಟ್ಟದಿಂದ ಟಾಂಕಿಯ ಬಾಯಿಗೆ 20 ಮೀಟರ್ ಎತ್ತರವಾದರೆ ಎರಡು ಕೆ.ಜಿ. ಆಯಿತು. ಹಾಗಾದರೆ ನಾಲ್ಕು ಕೆ.ಜಿ. ಧಾರಾಳವಲ್ಲವೇ ಎಂದು ಅನಿಸುತ್ತದೆ. ಆದರೆ ಕರೆಂಟು ಹೋಗಿ ಪಂಪು ತಟ್ಟನೆ ನಿಂತಾಗ ಏರುತ್ತಿದ್ದ ನೀರು ಹಿಂದೆ ಬಿದ್ದು ವಾಲ್ವಿಗೆ ಬಡಿಯುತ್ತದೆ, ಆ ಹೊಡೆತದ ಒತ್ತಡ ಕ್ಷಣಮಾತ್ರಕ್ಕೆ ಎಷ್ಟೋ ಮೇಲೇರುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ನಮ್ಮಲ್ಲಿ ಇದು ಲೆಕ್ಕಕ್ಕೆ ಬರುವ ಸಂಗತಿ. ನಾಲ್ಕು ಕೆ.ಜಿ. ಪೈಪಿನ ಗೋಡೆ ತೆಳುವಾಗಿದ್ದು ಮೇಲಿನ ಭಾರಕ್ಕೂ ಬೇಗ ಸೋಲುತ್ತದೆ. ಆರಕ್ಕಿಂತ ಕಡಿಮೆ ತರಬೇಡಿ, ಗುಡ್ಡೆ ಎತ್ತರವಾಗಿದ್ದರೆ ಹತ್ತು. ಪೈಪಿನ ಮೈಮೇಲೆ ಐಎಸ್ 4985 ಎಂಬ ಅಚ್ಚು ಇದೆಯೇ ಎಂದು ನೋಡಿ ತನ್ನಿ. ಆ ಒತ್ತಡದ ಅಂಕೆ 27 ಡಿಗ್ರಿ ಶಾಖಕ್ಕೆ ಹೇಳಿದ್ದು. ಬಿಸಿಲಿನಲ್ಲಿ ಕಾದ ಪೈಪು ಅಷ್ಟು ತಾಳುವುದಿಲ್ಲ, ಹೂಳಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಪಿವಿಸಿಯ ದುರ್ಬಲ ಜಾಗಗಳು ಎರಡು. ಒಂದು, ಚೂಪು ಕಲ್ಲು ಒಂದೇ ಬಿಂದುವಿಗೆ ಒತ್ತಿದರೆ ಅದು ಬಾಗುವುದಿಲ್ಲ, ಬಿರಿಯುತ್ತದೆ. ಎರಡು, ಜೋಡಣೆ. 6 ಮೀಟರಿಗೊಂದು ಜೋಡಣೆ ಬರುತ್ತದೆ, 60 ಮೀಟರಿಗೆ ಒಂಬತ್ತು, ತಿರುವುಗಳು ಬೇರೆ. ಸೊಲ್ಯೂಷನ್ ಹಚ್ಚುವ ಮೊದಲು ಎರಡೂ ತುದಿಯನ್ನು ಒಣ ಬಟ್ಟೆಯಿಂದ ಒರೆಸಬೇಕು, ಕೊಯ್ದ ಅಂಚಿನ ಸಿಬಿರು ತೆಗೆಯಬೇಕು, ತುರುಕುವಾಗ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಅದುಮಿ ಹಿಡಿಯಬೇಕು. ಒದ್ದೆ ಪೈಪಿಗೆ ಹಚ್ಚಿದ ಸೊಲ್ಯೂಷನ್ ಹಿಡಿದ ಹಾಗೆ ಕಂಡರೂ ಹಿಡಿದಿರುವುದಿಲ್ಲ. ಅಂಟಿಸಿದ ಮೇಲೆ ಒಂದು ದಿನ ಬಿಡಿ. ನೀರು ನೋಡುವ ಅವಸರದಲ್ಲಿ ಅದೇ ಸಂಜೆ ಪಂಪು ಹಾಕುವುದೇ ನಮ್ಮಲ್ಲಿ ನಡೆಯುವ ದೊಡ್ಡ ತಪ್ಪು.

ಗೋಡೆಯ ಮೇಲೆ ಏರುವ ಪಿವಿಸಿಗೆ ಬಣ್ಣ ಹೊಡೆಸಿ. ಬಿಸಿಲು ಬಿದ್ದು ಬಿದ್ದು ಅದು ಒಣ ಕಡ್ಡಿಯ ಹಾಗೆ ಆಗುತ್ತದೆ.

ಎಚ್‌ಡಿಪಿಇ: ಜೋಡಣೆಯಿಲ್ಲದ ಉದ್ದ

ಕಪ್ಪು ಮೈ, ನೀಲಿ ಗೆರೆ. 100 ಮೀಟರಿನ ಸುರುಳಿಯಲ್ಲಿ ಬರುತ್ತದೆ, ಹಾಗಾಗಿ ಭಾವನ ಮನೆಯಂಥ ಲೈನಿಗೆ ನೆಲದಡಿ ಒಂದೂ ಜೋಡಣೆ ಬೇಕಿಲ್ಲ. ನಾನು ಇದರ ಪರ ನಿಲ್ಲುವುದಕ್ಕೆ ಇದೊಂದೇ ಕಾರಣ ಸಾಕು. ಮಣ್ಣು ಕುಸಿದರೆ ಜೊತೆಗೆ ಬಾಗುತ್ತದೆ, ಹಲಸಿನ ಬೇರು ಪಕ್ಕಕ್ಕೆ ದಬ್ಬಿದರೆ ಸರಿಯುತ್ತದೆ, ಪಂಪಿನ ಹೊಡೆತವನ್ನು ನುಂಗಿಕೊಳ್ಳುತ್ತದೆ. ಅದರಲ್ಲಿ ಬೆರೆಸಿರುವ ಮಸಿ ಬಿಸಿಲಿನಿಂದಲೂ ಕಾಯುತ್ತದೆ.

ಆದರೆ ಇದಕ್ಕೆ ಸೊಲ್ಯೂಷನ್ ಅಂಟುವುದಿಲ್ಲ. ಎರಡು ತುದಿಗಳನ್ನು ಯಂತ್ರದಲ್ಲಿ ಕಾಯಿಸಿ ಒತ್ತಿ ಬೆಸೆಯಬೇಕು, ಇಲ್ಲವೇ ತಿರುಗಿಸಿ ಬಿಗಿಯುವ ಕಂಪ್ರೆಷನ್ ಫಿಟ್ಟಿಂಗ್ ಹಾಕಬೇಕು. ಮನೆಯ ಗಾತ್ರಕ್ಕೆ ಎರಡನೆಯದು ಸಾಕು. ತೋಟಗಳಲ್ಲಿ ಮಾಡುವ ಹಾಗೆ ಒಣ ಮಡಲಿನ ಬೆಂಕಿಯಲ್ಲಿ ತುದಿ ಕಾಯಿಸಿ ನಿಪ್ಪಲ್ ತುರುಕಿ ಬೈಂಡಿಂಗ್ ವಯರ್ ಸುತ್ತಿದರೆ ಅಡಕೆ ಮರಗಳ ನಡುವೆ ನಡೆಯುತ್ತದೆ, ಸೋರಿದರೆ ಕಾಣುತ್ತದೆ, ಮತ್ತೆ ಬಿಗಿಯಬಹುದು. ಮಣ್ಣಿನಡಿಗೆ ಅದನ್ನು ಯಾರು ಹೇಳಿದರೂ ಒಪ್ಪಬೇಡಿ.

ಇನ್ನೊಂದು ಎಚ್ಚರಿಕೆ ಮಾಲಿನದು. ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ ಕಪ್ಪು ಪೈಪು ನೋಡಲು ಹೀಗೆಯೇ ಇರುತ್ತದೆ, ದರದಲ್ಲಿ ಬಹಳ ಕಡಿಮೆ. ತುದಿಯೊಳಗೆ ಬೆರಳು ಹಾಕಿ ನೋಡಿ, ನುಣುಪಿಲ್ಲದೆ ತರಿತರಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ ಅಲ್ಲೇ ಬಿಡಿ. ಕುಡಿಯುವ ನೀರಿಗೆ ಐಎಸ್ 4984 ಎಂಬ ಅಚ್ಚು ಇರುವುದನ್ನೇ ತನ್ನಿ.

ಹಾಸುವಾಗ ಬರುವ ತೊಂದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಎಚ್‌ಡಿಪಿಇ ಬಿಸಿಲಿಗೆ ಬಹಳ ಹಿಗ್ಗುತ್ತದೆ: ಒಂದು ಡಿಗ್ರಿಗೆ ಒಂದು ಮೀಟರಿಗೆ ಸುಮಾರು 0.2 ಮಿ.ಮೀ. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ 50 ಮೀಟರ್ ಪೈಪನ್ನು ಎಳೆದು ಬಿಗಿಯಾಗಿ ಹಾಸಿ ಮಣ್ಣು ಮುಚ್ಚಿದಿರಿ ಎನ್ನಿ. ರಾತ್ರಿ 20 ಡಿಗ್ರಿ ತಣಿದರೆ ಅದು 20 ಸೆಂ.ಮೀ. ಕುಗ್ಗಲು ನೋಡುತ್ತದೆ. ಆ ಎಳೆತ ಹೋಗಿ ಬೀಳುವುದು ತುದಿಯ ಫಿಟ್ಟಿಂಗಿಗೆ. ಆದ್ದರಿಂದ ಕಣಿಯಲ್ಲಿ ಪೈಪನ್ನು ಹಾವು ಹರಿದ ಹಾಗೆ ಸ್ವಲ್ಪ ಡೊಂಕಾಗಿ ಬಿಡಿ, ಒಂದು ರಾತ್ರಿ ಹಾಗೇ ಇರಲಿ, ಮರುದಿನ ಬೆಳಿಗ್ಗೆ ತಂಪಿನಲ್ಲಿ, ಒಳಗೆ ನೀರು ತುಂಬಿದ ಮೇಲೆ ಮಣ್ಣು ಮುಚ್ಚಿ. ಸುರುಳಿ ಬಿಚ್ಚಲು ಮೂರು ಜನ ಬೇಕು. ಒಬ್ಬರೇ ಬಿಚ್ಚಿದರೆ ಅದು ಮಡಚಿ ಬಿಳಿಗೆರೆ ಬೀಳುತ್ತದೆ, ಆ ಮಡಿಕೆ ಮುಂದೆ ಒಡೆಯುವ ಜಾಗ.

ಕೆನೆ ಬಣ್ಣದ ಸಿಪಿವಿಸಿಯ ಬಗ್ಗೆಯೂ ಕೇಳುತ್ತಾರೆ. ಅದು ಗೀಸರಿನ ಬಿಸಿನೀರಿಗೆ, ಮನೆಯೊಳಗಿನ ಗೋಡೆಗೆ. ಬಾವಿಯ ತಣ್ಣೀರಿಗೆ ಅಷ್ಟು ಹಣ ಹಾಕುವ ಅಗತ್ಯವಿಲ್ಲ.

ಗಾತ್ರದಲ್ಲಿ ಉಳಿತಾಯ ಬೇಡ

ಎಚ್‌ಡಿಪಿಇಗೆ ಹೇಳುವ ಗಾತ್ರ ಹೊರಗಿನ ಅಳತೆ. ಗೋಡೆ ದಪ್ಪವಾದ್ದರಿಂದ ಒಳಗಿನ ದಾರಿ ಅದೇ ಅಂಕೆಯ ಪಿವಿಸಿಗಿಂತ ಸಣ್ಣದು. ಪಂಪು ಗಂಟೆಗೆ 2500 ಲೀಟರ್ ಕಳಿಸುತ್ತದೆ ಎಂದುಕೊಳ್ಳಿ. 32 ಮಿ.ಮೀ. ಎಚ್‌ಡಿಪಿಇಯಲ್ಲಿ 100 ಮೀಟರ್ ದೂರಕ್ಕೆ ಉಜ್ಜುವಿಕೆಯಲ್ಲೇ ಆರೇಳು ಮೀಟರ್ ಎತ್ತರಕ್ಕೆ ಏರಿಸುವಷ್ಟು ಶಕ್ತಿ ಹೋಗುತ್ತದೆ, 40 ಮಿ.ಮೀ. ಹಾಕಿದರೆ ಎರಡು ಮೀಟರಿನಷ್ಟೇ. ಭಾವನ ಲೈನಿಗೆ 40 ಹಾಕಿ ಎಂದಿದ್ದೇನೆ. ಪೈಪಿಗೆ ಕೊಡುವ ಹೆಚ್ಚಿನ ಹಣ ಒಂದೇ ಸಲದ್ದು, ಕರೆಂಟಿನ ಬಿಲ್ಲು ಪ್ರತಿ ತಿಂಗಳದ್ದು.

ಕಣಿ

ಅಂಗಳ, ಹಿತ್ತಿಲಿನಲ್ಲಿ ಒಂದೂವರೆ ಅಡಿ, ವಾಹನ ಹೋಗುವಲ್ಲಿ ಮೂರು ಅಡಿ. ಗೇಟಿನ ಅಡಿಯಲ್ಲಿ ನಾಲ್ಕಿಂಚಿನ ದಪ್ಪ ಪೈಪೊಂದನ್ನು ಮೊದಲೇ ಹಾಕಿ ಅದರೊಳಗಿನಿಂದ ನೀರಿನ ಪೈಪನ್ನು ತೂರಿಸಿ. ಮುಂದೆ ಬದಲಿಸಬೇಕಾದರೆ ಇಂಟರ್‌ಲಾಕ್ ಕೀಳಬೇಕಾಗಿಲ್ಲ. ನಾವು ಇದನ್ನು ಮಾಡಿರಲಿಲ್ಲ.

ಮುರಕಲ್ಲು ಕಡಿದ ಕಣಿಯ ತಳ ಎಂದೂ ಸಮ ಇರುವುದಿಲ್ಲ. ತಳಕ್ಕೆ ನಾಲ್ಕು ಬೆರಳು ಹೊಯಿಗೆ, ಪೈಪಿನ ಮೇಲೆ ಇನ್ನೊಂದು ಗೇಣು ಹೊಯಿಗೆ ಅಥವಾ ಜರಡಿ ಹಿಡಿದ ಮಣ್ಣು, ಅದರ ಮೇಲೆ ಬೇಕಾದರೆ ಅಗೆದ ಮಣ್ಣು. ಹೊಯಿಗೆ ದುಬಾರಿಯಾದರೆ ಮಣ್ಣನ್ನೇ ಗಾಳಿಸಿಕೊಳ್ಳಿ, ಇಬ್ಬರ ಒಂದು ದಿನದ ಕೆಲಸ. ಜೆಸಿಬಿಯವರು ಅಗೆದದ್ದನ್ನೇ ಬಕೆಟಿನಲ್ಲಿ ಮತ್ತೆ ತಳ್ಳಿ ಹೋಗಲು ನೋಡುತ್ತಾರೆ. ಆ ಹೊತ್ತಿಗೆ ನೀವು ಅಲ್ಲಿ ನಿಂತಿರಬೇಕು. ನನ್ನ ಹತ್ತಿರ ಇರುವ ಕಲ್ಲು ಪೈಪಿನ ಬುಡಕ್ಕೆ ಬಂದದ್ದು ಹಾಗೆಯೇ.

ಇಳಿಜಾರಿನಲ್ಲಿ ಕಣಿ ಮುಚ್ಚಿದ ಮೇಲೆ ಹತ್ತು ಹದಿನೈದು ಅಡಿಗೊಂದು ಕಡೆ ಅಡ್ಡಕ್ಕೆ ಒಂದು ಸಾಲು ಮುರಕಲ್ಲು ಹೂತಿಡಿ. ಇಲ್ಲವಾದರೆ ಮೊದಲ ಮಳೆಗಾಲದಲ್ಲೇ ಸಡಿಲ ಮಣ್ಣು ಕೊಚ್ಚಿಕೊಂಡು ಹೋಗಿ ಪೈಪು ಮೇಲೆ ಬಂದಿರುತ್ತದೆ. ಶೌಚದ ಹೊಂಡದಿಂದ ಲೈನನ್ನು ಕನಿಷ್ಠ ಹತ್ತಡಿ ದೂರದಲ್ಲಿ ಕೊಂಡೊಯ್ಯಿರಿ.

ನಿಮ್ಮ ಜಾಗ ಯಾವುದು?

ಕಡಲ ಬದಿಯ ಹೊಯಿಗೆ ನೆಲದಲ್ಲಿ ಹಾಸಿಗೆ ತಾನಾಗಿಯೇ ಇದೆ, ಕಲ್ಲಿನ ಕಾಟವಿಲ್ಲ, ಅಲ್ಲಿ ಪಿವಿಸಿ ಚೆನ್ನಾಗಿ ಬಾಳುತ್ತದೆ. ಗುಡ್ಡೆ ಮತ್ತು ಇಳಿಜಾರಿಗೆ ಎಚ್‌ಡಿಪಿಇ. ಬೈಲಿನ ಕೆಸರು ನೆಲದಲ್ಲಿ ಮಣ್ಣು ಉಬ್ಬಿ ತಗ್ಗುತ್ತದೆ, ಅಲ್ಲಿಯೂ ಎಚ್‌ಡಿಪಿಇ.

ಪೇಟೆಯವರ ವಿಷಯ ಬೇರೆ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ ನೀರು ಬರುತ್ತದೆ, ಕೆಲವು ಬೇಸಿಗೆಗಳಲ್ಲಿ ಎಲ್ಲ ದಿನವೂ ಬರುವುದಿಲ್ಲ. ನೀರು ಬಾರದ ಹೊತ್ತಿನಲ್ಲಿ ಲೈನಿನ ಒತ್ತಡ ಇಳಿದು, ಸೋರುವ ಜೋಡಣೆಯ ಸುತ್ತ ನಿಂತ ಚರಂಡಿ ನೀರನ್ನು ಒಳಗೆಳೆದುಕೊಳ್ಳಬಹುದು. ಮೀಟರಿನಿಂದ ಸಂಪಿಗೆ ದೂರ ಇಪ್ಪತ್ತೇ ಅಡಿಯಾದರೂ ನಾನಾದರೆ ಅಲ್ಲಿ ಜೋಡಣೆಯಿಲ್ಲದ ಎಚ್‌ಡಿಪಿಇಯನ್ನೇ ಹಾಕಿಸುತ್ತೇನೆ. ಮಕ್ಕಳು ಕುಡಿಯುವ ನೀರು ಅದು.

ಕೆಲಸಕ್ಕೆ ಸರಿಯಾದ ಕಾಲ ನಮ್ಮ ಚಳಿಗಾಲವೇ, ನವೆಂಬರ್ ಕೊನೆಯಿಂದ ಜನವರಿಯವರೆಗೆ. ಮಳೆ ನಿಂತಿರುತ್ತದೆ, ನೆಲದಲ್ಲಿ ಇನ್ನೂ ಪಸೆ ಇರುತ್ತದೆ. ಮುರಕಲ್ಲು ಗಾಳಿ ಬಿಸಿಲಿಗೆ ಒಣಗುತ್ತ ಗಟ್ಟಿಯಾಗುವ ಕಲ್ಲು. ಏಪ್ರಿಲಿನಲ್ಲಿ ಅದೇ ನೆಲಕ್ಕೆ ಪಿಕ್ಕಾಸು ಹಾಕಿದರೆ ಕಿಡಿ ಏಳುತ್ತದೆ, ಕೂಲಿಯೂ ಅಷ್ಟೇ ಏರುತ್ತದೆ. ಮಳೆಗಾಲದಲ್ಲಿ ಮಾಡಿದರೆ ಎಲ್ಲಿ ಸೋರುತ್ತಿದೆ ಎಂಬುದೇ ತಿಳಿಯದು.

ಜೋಡಣೆಗಳಿರುವ ಜಾಗಗಳನ್ನು ಮಾತ್ರ ತೆರೆದಿಟ್ಟು ಉಳಿದದ್ದಕ್ಕೆ ಹೊಯಿಗೆ ಮುಚ್ಚಿ, ಎರಡು ದಿನ ಪಂಪು ಓಡಿಸಿ ನೋಡಿ. ಪ್ರತಿ ಜೋಡಣೆಯ ಕೆಳಗೆ ಒಂದು ಒಣ ಕಾಗದದ ತುಂಡು ಇಡಿ, ಕಣ್ಣಿಗೆ ಕಾಣದ ಹನಿಯೂ ಅದರಲ್ಲಿ ಗುರುತು ಬಿಡುತ್ತದೆ. ಮುಚ್ಚುವ ಮೊದಲು ಪಾಗಾರದಿಂದ ಎಷ್ಟು ಅಡಿ, ತೆಂಗಿನ ಮರದಿಂದ ಎಷ್ಟು ಅಡಿ ಎಂದು ಟೇಪು ಹಿಡಿದು, ಆ ಟೇಪು ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯ ಎಲ್ಲರಿಗೂ ಕಳಿಸಿ. ಭಾವನಿಗೆ ಕೊನೆಯದಾಗಿ ಹೇಳಿದ್ದೂ ಇದನ್ನೇ. ಅವರು ಡಿಸೆಂಬರಿನ ಎರಡನೆಯ ವಾರಕ್ಕೆ ಜೆಸಿಬಿಯವರಿಗೆ ಹೇಳಿಟ್ಟಿದ್ದಾರೆ, ಹೊಯಿಗೆ ಒಂದು ಲೋಡು ಮೊದಲೇ ಬಂದು ಬಿದ್ದಿದೆ.